ಮಗನ ವಿಷಯದಲ್ಲಿ ಸಹಾಯ ಬೇಕು

ಗುಂಪಿನ ಹಿರಿಯರಿಗೆ ನಮಸ್ಕಾರ. ನಾವು ಕುಂದಾಪುರದ ಕಡೆಯವರು. ನನ್ನ 16 ವರ್ಷದ ಮಗನಿಗೆ ಯಕ್ಷಗಾನದ ಸ್ತ್ರೀವೇಷ ಕಲಿಯುವ ಆಸೆ. ಅಷ್ಟೇ ಆಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಅವನ ಮೆಲುದನಿ, ನಡಿಗೆ, ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳುವ ಇಷ್ಟ ಇವೆಲ್ಲ ವೇಷ ಕಳಚಿದ ಮೇಲೂ ಉಳಿಯುತ್ತವೆ ಎಂಬುದೇ ಮನೆಯವರ ಆಕ್ಷೇಪ.

ಕಳೆದ ತಿಂಗಳು ಅವನು ನನ್ನ ಹಳೆಯ ಸೀರೆಯುಟ್ಟು ಕನ್ನಡಿಯೆದುರು ದಮಯಂತಿಯ ಹೆಜ್ಜೆ ಹಾಕುತ್ತಿದ್ದುದನ್ನು ಕಂಡ ಭಾವನವರು, ಅವನ ಕಾಲಿನ ಗೆಜ್ಜೆಯನ್ನು ಬಿಚ್ಚಿಸಿ ತೋಟಕ್ಕೆ ಎಸೆದರು. ಹರಕೆ ಹೊತ್ತವರು ಆಡಿಸುವ ಯಕ್ಷಗಾನದಲ್ಲಿ ಗಂಡಸರೇ ಮಾಡುವ ದ್ರೌಪದಿಯನ್ನು ಬೆಳಗಿನವರೆಗೂ ಕುಳಿತು ನೋಡಿ ಮೆಚ್ಚುವವರೂ ಇವರೇ! ಅಂದಿನಿಂದ ಮಗ ಸರಿಯಾಗಿ ಉಣ್ಣುತ್ತಿಲ್ಲ. ಶಾಲೆಯಲ್ಲಿ 'ಹೆಣ್ಣಿಗ' ಎಂದು ಕರೆಯುತ್ತಾರಂತೆ.

ಈಗ ಸಂಬಂಧಿಕರೊಬ್ಬರು, ಇಂಥವರನ್ನು 'ಸರಿಪಡಿಸುವ' ವೈದ್ಯರಿದ್ದಾರೆ ಎಂದು ಒತ್ತಾಯಿಸುತ್ತಿದ್ದಾರೆ. ಅಂತಹ 'ಪರಿವರ್ತನಾ ಚಿಕಿತ್ಸೆ'ಯನ್ನು ವೃತ್ತಿಪರ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿಯೇ ತಿಳಿಸಿದೆ ಎಂದು ಓದಿದ್ದೇನೆ. ಆದರೆ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ. ಅವನು ಯಾರೆಂಬುದನ್ನು ಅವನೇ ನಿಧಾನವಾಗಿ ಹೇಳಲಿ, ನನಗೆ ಅವಸರವಿಲ್ಲ.

ಹದಿಹರೆಯದವರನ್ನು ಹೀಯಾಳಿಸದೆ ಮಾತನಾಡಿಸುವ ಆಪ್ತಸಮಾಲೋಚಕರು ಉಡುಪಿ, ಮಂಗಳೂರಿನ ಕಡೆ ಇದ್ದರೆ ದಯವಿಟ್ಟು ತಿಳಿಸಿ. ರಜೆಯಲ್ಲಿ ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನ ಹೆಜ್ಜೆ ಕಲಿಸುವ ಗುರುಗಳ ಪರಿಚಯವಿದ್ದರೂ ಉಪಕಾರವಾಗುತ್ತದೆ. ಇಂತಹ ಮಗುವನ್ನು ಬೆಳೆಸಿದ ತಂದೆಯೊಬ್ಬರು ನನ್ನ ಯಜಮಾನರೊಂದಿಗೆ ಒಮ್ಮೆ ಮಾತನಾಡಲು ಒಪ್ಪಿದರೆ ಇನ್ನೂ ಒಳ್ಳೆಯದು.