ರೆಡ್ ಆಕ್ಸೈಡ್ ನೆಲದ ಮೇಲೆ ಸ್ಟೀಮ್ ಮಾಪ್ ಬಿಳಿ ಮಚ್ಚೆ ಮಾಡಿದೆ, ಹೋಗುತ್ತಾ?

ಬಾಡಿಗೆಮನೆ ಭಾಗ್ಯ

ಎಲ್ಲರಿಗೂ ನಮಸ್ಕಾರ. ಗೌರಿ ಹಬ್ಬ ಹತ್ತಿರ ಬಂತು, ಗೊತ್ತಿರೋರು ಸ್ವಲ್ಪ ಬೇಗ ಹೇಳಿ.

ನಾವಿರೋದು ಮಲ್ಲೇಶ್ವರದ ಒಂದು ಹಳೇ ಮನೇಲಿ. ಕೆಳಗಡೆ ನಾವು, ಮೇಲ್ಗಡೆ ಓನರ್ ಅಜ್ಜಿ. ಮನೆ ಪೂರ್ತಿ ರೆಡ್ ಆಕ್ಸೈಡ್ ನೆಲ, ಹಾಲ್‌ನಲ್ಲಿ ಸುತ್ತ ಕಪ್ಪು ಬಾರ್ಡರ್. ಈ ನೆಲ ನೋಡೇ ನಾನು ಮನೆ ಒಪ್ಕೊಂಡಿದ್ದು. ಅಜ್ಜಿನೂ ಅಷ್ಟೇ, ಬಾಡಿಗೆ ಮಾತು ಎತ್ತೋಕೆ ಮುಂಚೆ ನೆಲದ ಮಾತೇ ಎತ್ತಿದ್ರು. ಅವರ ಮಾವನವರು ಎದುರಿಗೆ ನಿಂತು ಹಾಕಿಸಿದ್ದಂತೆ. ಆಸಿಡ್ ಹಾಕ್ಬೇಡಿ, ಮಂಚ ಎಳೀಬೇಡಿ, ನೆಲದ ಮೇಲೆ ತೆಂಗಿನಕಾಯಿ ಒಡೀಬೇಡಿ ಅಂತ ಷರತ್ತು. ಸ್ಟೀಮ್ ಬಗ್ಗೆ ಏನೂ ಹೇಳಿರ್ಲಿಲ್ಲ ಅನ್ನೋದು ನಮ್ಮ ಯಜಮಾನರ ವಾದ.

ಮಾಪ್ ತರಿಸಿದ್ದು ಅವರೇ, ಆನ್‌ಲೈನ್ ಆಫರ್‌ನಲ್ಲಿ. ನನಗೆ ಮಂಡಿ ನೋವು, ಕೂತು ಒರೆಸೋಕಾಗಲ್ಲ ಅನ್ನೋ ಕಾಳಜಿ, ಅದನ್ನ ಇಲ್ಲ ಅನ್ನಲ್ಲ. ಶನಿವಾರ ಬೆಳಿಗ್ಗೆ ತಾವೇ ಹಾಲ್ ಒರೆಸೋಕೆ ನಿಂತ್ರು. ಒರೆಸಿದ ಕಡೆಯೆಲ್ಲ ಚೆನ್ನಾಗೇ ಕಾಣ್ತಿತ್ತು, ಒದ್ದೆ ಇತ್ತಲ್ಲ. ಅಷ್ಟರಲ್ಲಿ ಗ್ಯಾಸ್ ಬಂತು. ಸಿಲಿಂಡರ್ ಹುಡುಗ ಗೇಟಲ್ಲಿ ನಿಂತು "ಓಟಿಪಿ ಹೇಳಿ ಸಾರ್" ಅಂತಾನೆ. ಓಟಿಪಿ ಬಂದಿರೋದು ನನ್ನ ಫೋನಿಗೆ, ನಾನು ಸ್ನಾನಕ್ಕೆ ಹೋಗಿದೀನಿ, ಫೋನ್ ಲಾಕ್. ಇವರು ಬಚ್ಚಲ ಬಾಗಿಲು ಬಡಿಯೋದು, ನಾನು ಒಳಗಿಂದ ಪಾಸ್‌ವರ್ಡ್ ಕೂಗೋದು, ಅವರಿಗೆ ಕೇಳಿಸ್ದೆ ಇರೋದು, ಹುಡುಗ "ಸಾರ್, ಲೇಟಾಗುತ್ತೆ" ಅನ್ನೋದು. ಇಷ್ಟೂ ಹೊತ್ತು ಮಾಪ್ ಹಾಲ್ ನಡುವೆ ನಿಂತಲ್ಲೇ ನಿಂತು ಹಬೆ ಬಿಡ್ತಾ ಇತ್ತು.

ಈಗ ಅಲ್ಲಿ ತ್ರಿಕೋನದ ಬಿಳಿ ಮಚ್ಚೆ, ಅಂಗೈಗಿಂತ ದೊಡ್ಡದು. ಅಂಚಲ್ಲಿ ದಟ್ಟ ಬಿಳಿ, ನಡುವೆ ಮಾಸಲು ಗುಲಾಬಿ. ಒರೆಸಿದ ಉಳಿದ ಜಾಗ ಒಣಗಿದ ಮೇಲೆ ಪಟ್ಟೆ ಪಟ್ಟೆ ಮಂಕು. ಒದ್ದೆ ಬಟ್ಟೆ ಹಾಕಿದ್ರೆ ಮಚ್ಚೆ ಮಾಯ, ಒಣಗಿದ್ರೆ ಮತ್ತೆ ಹಾಜರ್. ಮಾಪ್‌ಗೆ ಹಾಕಿದ್ದು ಬೋರ್ ನೀರು. ಕಾವೇರಿ ನಮಗೆ ದಿನಾ ಬರಲ್ಲ, ಬಂದಿದ್ದು ಅಡುಗೆಗೇ ಸರಿ ಹೋಗುತ್ತೆ.

ನಾದಿನಿ ವಿನಿಗರ್ ಹಾಕಿ ಉಜ್ಜು ಅಂತಾರೆ. ಎದುರುಮನೆಯವರು ನಿಂಬೆಹಣ್ಣು ಅಂತಾರೆ. ಸದ್ಯಕ್ಕೆ ಮೇಲೆ ಜಮಖಾನ ಹಾಸಿದೀನಿ. ಹಬ್ಬಕ್ಕೆ ಅಜ್ಜಿ, ಅವರ ಸೊಸೆಯಂದಿರು ಅರಿಶಿನ ಕುಂಕುಮಕ್ಕೆ ಕೆಳಗೆ ಬರ್ತಾರೆ. ಹತ್ತು ತಿಂಗಳ ಅಡ್ವಾನ್ಸ್ ಅವರ ಹತ್ರ ಇದೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳದ್ದು ಮುರ್ಕೊಳ್ಳೋದು ಊರಿಗೇ ಗೊತ್ತಿರೋ ವಿಷಯ, ನೆಲಕ್ಕೆ ಎಷ್ಟು ಮುರ್ಕೋತಾರೋ.

ಟೈಲ್ಸೇ ಸುಖ

ನಮ್ಮ ಫ್ಲಾಟ್‌ನಲ್ಲಿ ವಿಟ್ರಿಫೈಡ್ ಟೈಲ್ಸ್ ಮೇಲೆ ಸ್ಟೀಮ್ ಮಾಪ್ ಬಳಸ್ತಾನೇ ಇದೀವಿ, ಏನೂ ಆಗಿಲ್ಲ. ಅಂದ್ರೆ ಮಾಪ್‌ದು ತಪ್ಪಿಲ್ಲ. ಮ್ಯಾನ್ಯುಯಲ್ ತೆಗೆದು ನೋಡಿ, ಸೀಲ್ ಮಾಡಿರೋ, ಅಂದ್ರೆ ನೀರು ಹೀರದ ಹಾಗೆ ಮಾಡಿರೋ ನೆಲಕ್ಕೆ ಮಾತ್ರ ಅಂತ ಎಲ್ಲೋ ಸಣ್ಣಕ್ಷರದಲ್ಲಿ ಇರುತ್ತೆ. ಓದೋದು ಯಾರು ಅನ್ನಿ.

ಸೈಟ್ ಗೋಪಣ್ಣ

ಮೊದಲು ಆ ಜಮಖಾನ ತೆಗೀರಿ ತಾಯಿ. ಆಮೇಲೆ ಮಿಕ್ಕಿದ್ದು ಓದಿ. ನೆಲದೊಳಗೆ ನೀರು ಸೇರಿದೆ, ಅದು ಆಚೆ ಹೋಗಬೇಕು, ನೀವು ಮೇಲಿಂದ ಮುಚ್ಚಿಟ್ಟಿದೀರಿ.

ನಾನು ಮನೆ ಕಟ್ಟಿಸೋ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡೋನು. ಬಣ್ಣ ಹೋಗಿದೆ ಅಂತ ಭಯ ಬೇಡ. ಆ ಕೆಂಪು ಐರನ್ ಆಕ್ಸೈಡ್, ತುಕ್ಕಿನ ಜಾತಿ, ಹಬೆಗೆಲ್ಲ ಜಗ್ಗಲ್ಲ. ಜಗ್ಗಿರೋದು ಮೇಲಿನ ಮೇಣ. ಹಳೇ ಮನೆಗಳಲ್ಲಿ ವರ್ಷಗಟ್ಟಲೆ ಪಾಲಿಶ್ ತಿಕ್ಕಿ ತಿಕ್ಕಿ ಅದರದ್ದೇ ಒಂದು ಪದರ ಕೂತಿರುತ್ತೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ, ಇಲ್ಲಿ ನೀರು ಹೆಚ್ಚುಕಮ್ಮಿ 97 ಡಿಗ್ರಿಗೇ ಕುದಿಯುತ್ತೆ. ಮೇಣಕ್ಕೆ ಅಷ್ಟು ಧಾರಾಳ ಸಾಕು, ಜೇನುಮೇಣ 62ರಿಂದ 64 ಡಿಗ್ರಿ ಒಳಗೇ ಕರಗುತ್ತೆ. ಕರಗಿದ ಮೇಣನ ಮಾಪ್ ಬಟ್ಟೆ ಅಷ್ಟು ದೂರ ಎಳ್ಕೊಂಡು ಹೋಗಿದೆ, ಅದೇ ನಿಮ್ಮ ಪಟ್ಟೆ.

ಮಚ್ಚೆ ನಡುವಿನ ಕಥೆ ಬೇರೆ. ಸಿಮೆಂಟ್ ನೆಲದಲ್ಲಿ ಕಣ್ಣಿಗೆ ಕಾಣದ ತೂತು ತುಂಬ. ಹಬೆ ಒಳಗೆ ಹೋಗಿ ನೀರಾಗುತ್ತೆ, ಅಲ್ಲಿರೋ ಸುಣ್ಣದ ಅಂಶ ಕರಗಿಸ್ಕೊಂಡು ಮೇಲೆ ಬರುತ್ತೆ. ನೀರು ಆರಿ ಹೋದ್ರೂ ಸುಣ್ಣ ಅಲ್ಲೇ ನಿಂತು, ಗಾಳೀಲಿರೋ ಇಂಗಾಲದ ಡೈಆಕ್ಸೈಡ್ ಹಿಡ್ಕೊಂಡು ಬಿಳಿ ಪುಡಿ ಆಗುತ್ತೆ. ಗೋಡೆ ಉಪ್ಪು ಬಿಡೋದು ನೋಡಿರ್ತೀರಲ್ಲ, ಅದರ ಸೋದರ ಸಂಬಂಧಿ.

ಯಾವುದು ಎಲ್ಲಿದೆ ಅಂತ ತಿಳಿಯೋಕೆ ಒಂದು ಕಪ್ಪು ಬಟ್ಟೆ ಚೂರು ತಗೊಂಡು ಒಣ ಮಚ್ಚೆ ಮೇಲೆ ಉಜ್ಜಿ. ಪುಡಿ ಅಂಟಿದ್ರೆ ಸುಣ್ಣ. ಅಂಚನ್ನ ಉಗುರಲ್ಲಿ ಕೆರೆಯಿರಿ, ಜಿಡ್ಡುಜಿಡ್ಡಾಗಿ ಬಂದ್ರೆ ಮೇಣ. ಆಮೇಲೆ ಒಂದು ಹನಿ ನೀರು ಬಿಡಿ. ಹನಿ ಗುಂಡಗೆ ನಿಂತ್ರೆ ಅಲ್ಲಿ ಮೇಣ ಇನ್ನೂ ಇದೆ. ನೆಲ ಕುಡಿದು ಕಪ್ಪಾದ್ರೆ ಇಲ್ಲ.

ವಿನಿಗರ್, ನಿಂಬೆಹಣ್ಣು ಎರಡೂ ಬೇಡ. ಹಾಕಿದ್ರೆ ನೊರೆ ಬರುತ್ತೆ, ನಿಮ್ಮ ನಾದಿನಿ "ನೋಡಿ, ಕೆಲಸ ಮಾಡ್ತಿದೆ" ಅಂತಾರೆ. ಅದು ತಿಂತಿರೋದು ನೆಲಾನೇ. ಮೆಷಿನ್ ಪಾಲಿಶ್‌ನವರನ್ನೂ ಕರೀಬೇಡಿ. ಮೊಸಾಯಿಕ್ ಅಂದ್ಕೊಂಡು ಕಲ್ಲು ಹಚ್ಚಿ ತೇಯ್ದುಬಿಡ್ತಾರೆ, ಕೆಂಪು ಇರೋದು ಮೇಲಿನ ಕೆಲವೇ ಮಿಲಿಮೀಟರ್.

ಬೋರ್ ನೀರನ್ನ ಈ ಮಚ್ಚೆಗೆ ದೂರಬೇಡಿ. ನೀರಿನ ಗಡಸುತನ, ಅಂದ್ರೆ ಅದರಲ್ಲಿ ಕರಗಿರೋ ಸುಣ್ಣದಂಥ ಅಂಶ, ಹಬೆ ಜತೆ ಹೋಗಲ್ಲ, ಮೆಷಿನ್ ಒಳಗೇ ಕೂರುತ್ತೆ. ಕುಡಿಯೋ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ರೆ 600ರವರೆಗೆ ನಡೆಯುತ್ತೆ ಅನ್ನುತ್ತೆ ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500. ನಿಮ್ಮ ಗೀಸರ್ ಬಿಚ್ಚಿದವರನ್ನ ಕೇಳಿ, ನಿಮ್ಮ ಬೋರ್ ನೀರಿನ ಯೋಗ್ಯತೆ ಹೇಳ್ತಾರೆ. ಅದನ್ನೇ ಹಾಕ್ತಿದ್ರೆ ಮಾಪ್ ತಾನಾಗೇ ಸಾಯುತ್ತೆ, ನಿಮ್ಮ ಸಮಸ್ಯೆ ಬಗೆಹರಿಯುತ್ತೆ.

ಗಾಂಧಿಬಜಾರ್ ಗಿರಿಜಾ

ಗೋಪಣ್ಣ ಹೇಳಿದ್ದೆಲ್ಲ ಸರಿ, ಆದ್ರೆ ಅವರು ಒರೆಸೋರಲ್ಲ, ಒರೆಸೋಳು ನಾನು. ನಮ್ಮತ್ತೆ ಮನೇದೂ ಇದೇ ನೆಲ.

ಭಾಗ್ಯ, ಫ್ಯಾನ್ ಹಾಕಿ ನೆಲ ಪೂರ್ತಿ ಆರೋಕೆ ಬಿಡಿ. ಈಗ ಮಳೆಗಾಲ, ನಿಧಾನವಾಗುತ್ತೆ. ಆ ಜಾಗಕ್ಕೆ ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ. ಪುಡೀನ ಒಣ ಬ್ರಷ್‌ನಲ್ಲಿ ಗುಡಿಸಿ, ಮತ್ತೆ ಎದ್ರೆ ಮತ್ತೆ ಗುಡಿಸಿ. ಏಳೋದು ನಿಂತ ಮೇಲೆ ಹತ್ತಿ ಬಟ್ಟೇಲಿ ಸ್ವಲ್ಪ ಟರ್ಪೆಂಟೈನ್ ತಗೊಂಡು ಅಂಚಿನ ಮೇಣ, ಪಟ್ಟೆ ಎಲ್ಲ ಒರೆಸಿ. ಹಳೇದು ಪೂರ್ತಿ ತೆಗೀದೆ ಮೇಲೆ ಹೊಸದು ಬಳಿದ್ರೆ ಮಚ್ಚೆ ಪಕ್ಕ ಇನ್ನೊಂದು ಮಚ್ಚೆ ಕಾಣುತ್ತೆ. ಆಮೇಲೆ ಕೆಂಪು ಮ್ಯಾನ್ಷನ್ ಪಾಲಿಶ್ (ನೆಲಕ್ಕೆ ಹಚ್ಚೋ ಮೇಣದ ಪಾಲಿಶ್), ಬಟ್ಟೆಗೆ ಸವರಿದ ಹಾಗೆ ತೆಳ್ಳಗೆ. ಹೆಚ್ಚು ಹಾಕಿದ್ರೆ ಬೇಗ ಹೊಳೆಯಲ್ಲ, ಪಾದಕ್ಕೆ ಅಂಟುತ್ತೆ, ಬಿಳಿ ಸಾಕ್ಸ್ ಹಾಕಿರೋ ಮಕ್ಕಳಿದ್ರೆ ಆಮೇಲೆ ನನ್ನನ್ನ ಬೈಕೋತೀರಿ. ಆರಿದ ಮೇಲೆ ಹಳೇ ಪಂಚೆ ಮಡಿಚಿ ತಿಕ್ಕೋದು. ಹೊಳಪು ಬರೋದು ತಿಕ್ಕೋದ್ರಲ್ಲಿ, ಡಬ್ಬೀಲಲ್ಲ.

ತೀರ್ಥಹಳ್ಳಿಯಿಂದ ಬಂದೋನು

ಇಷ್ಟೆಲ್ಲ ಯಾಕೆ? ನಮ್ಮೂರಲ್ಲಿ ತೆಂಗಿನೆಣ್ಣೆ ಒಂದೇ. ಒಂದ್ಸಲ ತಿಕ್ಕಿದ್ರೆ ಮುಖ ಕಾಣುತ್ತೆ.

ಗಾಂಧಿಬಜಾರ್ ಗಿರಿಜಾ

ನಿಮ್ಮೂರಲ್ಲಿ ಧೂಳಿಲ್ಲ ಸ್ವಾಮಿ. ಇಲ್ಲಿ ಎಣ್ಣೆ ಹಚ್ಚಿದ್ರೆ ಸಂಜೆ ಹೊತ್ತಿಗೆ ರಸ್ತೆ ಧೂಳೆಲ್ಲ ಹಾಲ್‌ನಲ್ಲಿ. ಹಬ್ಬಕ್ಕೆ ಬರೋರು ಜಾರಿ ಬಿದ್ರೆ ಅದು ಬೇರೆ.

ಬಾಡಿಗೆಮನೆ ಭಾಗ್ಯ

ಗೋಪಣ್ಣ, ಗಿರಿಜಕ್ಕ, ಇಬ್ಬರಿಗೂ ಥ್ಯಾಂಕ್ಸ್. ಕಪ್ಪು ಬ್ಲೌಸ್ ಪೀಸ್‌ನಲ್ಲಿ ಉಜ್ಜಿ ನೋಡಿದೆ. ನಡುವಿಂದ ಪುಡಿ ಬಂತು, ಅಂಚು ಉಗುರಿಗೆ ಜಿಡ್ಡು. ಹನಿ ನೀರು ನಡುವೆ ಇಂಗಿತು, ಒಂದು ಗೇಣು ಆಚೆ ಗುಂಡಗೆ ನಿಂತ್ಕೊಂಡಿತು. ಈಗ ಪುಡಿ ಏಳೋದು ನಿಂತಿದೆ.

ಇನ್ನೊಂದು ಸುದ್ದಿ. ಜಮಖಾನ ತೆಗೆದಿದ್ನಲ್ಲ, ಕರಿಬೇವು ಕಿತ್ಕೊಳ್ಳೋಕೆ ಇಳಿದ ಅಜ್ಜಿ ಕಿಟಕೀಲೇ ನೋಡಿಬಿಟ್ರು. ಒಳಗೆ ಬಂದು, ಕನ್ನಡಕ ಸರಿ ಮಾಡ್ಕೊಂಡು, ಮಚ್ಚೆ ಸುತ್ತ ಒಂದು ಸುತ್ತು ಹಾಕಿ, "ಏನಮ್ಮಾ, ನಿಮ್ಮೆಜಮಾನ್ರು ನೆಲಕ್ಕೂ ಇಸ್ತ್ರಿ ಹಾಕ್ತಾರಾ?" ಅಂದ್ರು. ಇವರು ಓಟಿಪಿಯಿಂದ ಶುರು ಮಾಡಿ ಪೂರ್ತಿ ಕಥೆ ಹೇಳಿದ್ರು. ಅಜ್ಜಿ ಮಧ್ಯದಲ್ಲೇ ಎದ್ದು ಹೋಗಿ, ಮೇಲಿಂದ ಅರ್ಧ ಡಬ್ಬಿ ಪಾಲಿಶ್ ತಂದು ಇವರ ಕೈಗೇ ಕೊಟ್ರು, ನನಗಲ್ಲ. ನಾಳೆ ಬೆಳಿಗ್ಗೆ ಕುರ್ಚಿ ಹಾಕ್ಕೊಂಡು ಕೂತು ತಿಕ್ಕಿಸ್ತಾರಂತೆ. ಅಡ್ವಾನ್ಸ್ ಮಾತು ಎತ್ತಲಿಲ್ಲ. ಎತ್ತಲ್ಲ ಅಂತಾನೂ ಅಲ್ಲ.

ಒಂದೇ ಅನುಮಾನ. ದೇವರ ಗೂಡು ಹಾಲ್‌ನಲ್ಲೇ ಇದೆ. ಟರ್ಪೆಂಟೈನ್ ಹಾಕಿದ ದಿನ ದೀಪ ಹಚ್ಚಬಹುದಾ?

ಸೈಟ್ ಗೋಪಣ್ಣ

ವಾಸನೆ ಇರೋವರೆಗೂ ಬೇಡ. ಬೆಳಗಿನ ಪೂಜೆ ಮುಗಿದು, ದೀಪ ಪೂರ್ತಿ ಆರಿದ ಮೇಲೆ ಕೆಲಸ ಶುರು ಮಾಡಿ. ಕಿಟಕಿ ಬಾಗಿಲು ಎಲ್ಲ ತೆಗೆದಿಡಿ. ಒರೆಸಿದ ಬಟ್ಟೆನ ಮುದ್ದೆ ಮಾಡಿ ಡಸ್ಟ್‌ಬಿನ್‌ಗೆ ಹಾಕ್ಬೇಡಿ, ಹೊರಗೆ ಹರಡಿ ಒಣಗಿಸಿ. ಅಡುಗೆಮನೆ ಒಲೆ ಕಡೇನೂ ಗಮನ ಇರ್ಲಿ. ಅಜ್ಜಿ ಕುರ್ಚಿನ ಬಾಗಿಲ ಹತ್ರ, ಗಾಳಿ ಬರೋ ಕಡೆ ಹಾಕಿ.