ಪೆಟೂನಿಯಾ ಬಿತ್ತಿ ತಿಂಗಳಾಯಿತು, ಒಂದೂ ಮೊಳೆತಿಲ್ಲ. ತಪ್ಪು ಬೀಜದ್ದೋ ನನ್ನದೋ?

ವಿಜಯನಗರದ ತಾರಸಿ

ಆಗಸ್ಟಿನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವಳು, ಗಾಜಿನ ಮನೆಯಿಂದ ಹೊರಬರುವಷ್ಟರಲ್ಲಿ ನಮ್ಮ ತಾರಸಿಯನ್ನೂ ಹೀಗೇ ಮಾಡಬೇಕೆಂದು ನಿಶ್ಚಯಿಸಿಬಿಟ್ಟೆ. ಆ ವಾರವೇ ಮೂರು ಪೊಟ್ಟಣ ಕೊಂಡೆ: ಪೆಟೂನಿಯಾ, ಜಿನ್ನಿಯಾ, ಚೆಂಡು ಹೂವು. ಗಣೇಶನ ಹಬ್ಬ ಮುಗಿದ ಮೇಲೆ ಬಿತ್ತಿದೆ. ಕೆಂಪು ಮಣ್ಣಿಗೆ ಅರ್ಧಕ್ಕರ್ಧ ಅಡುಗೆಮನೆ ಕಸದ ಗೊಬ್ಬರ ಬೆರೆಸಿದ್ದೆ. ಬೆಳಿಗ್ಗೆ, ಸಂಜೆ ತಪ್ಪದೆ ನೀರು.

ಚೆಂಡು ಹೂವು ಐದನೆಯ ದಿನಕ್ಕೆ ತಲೆ ಎತ್ತಿತು, 22 ಸಸಿ ಎಣಿಸಿದೆ. ಎರಡನೆಯ ವಾರ ಒಂದು ಬೆಳಿಗ್ಗೆ ನೋಡಿದರೆ ಎಲ್ಲವೂ ಮಲಗಿವೆ. ಎಲೆ ಹಸಿರಾಗಿಯೇ ಇದೆ, ಬುಡ ಮಾತ್ರ ದಾರ ಸುತ್ತಿ ಬಿಗಿದಂತೆ ಸಣ್ಣಗಾಗಿದೆ. ಜಿನ್ನಿಯಾ ಹಾಕಿದಲ್ಲಿ ಕೆದಕಿದರೆ ಬೀಜವೇ ಇಲ್ಲ. ಪೆಟೂನಿಯಾವನ್ನು ಅರ್ಧ ಇಂಚು ಮಣ್ಣಿನೊಳಗೆ ಜೋಪಾನವಾಗಿ ಮುಚ್ಚಿದ್ದೆ, ಇವತ್ತಿಗೂ ಸುಳಿವಿಲ್ಲ.

ಆಯುಧ ಪೂಜೆಗೆ ಸ್ಕೂಟರಿಗೆ ಹಾಕಿದ್ದ ಚೆಂಡು ಹೂವಿನ ಹಾರ ಒಣಗಿದೆ, ಅದನ್ನೇ ಉದುರಿಸು, ದುಡ್ಡು ಯಾಕೆ ದಂಡ ಎನ್ನುತ್ತಾರೆ ಅತ್ತೆ. ಸಂಕ್ರಾಂತಿಗೆ ಏನಾದರೂ ಅರಳಿಸಲು ಈಗಲೂ ಸಮಯವಿದೆಯೇ?

ಹನುಮಂತನಗರದ ನಿವೃತ್ತ

ಸಮಯ ಇದೆ. ಬೀಜವನ್ನು ಬೈಯಬೇಡಿ, ನಿಮ್ಮ ಪೆಟೂನಿಯಾವನ್ನು ನೀವೇ ಹೂತು ಹಾಕಿದ್ದೀರಿ.

ಅದರ ಒಂದು ಗ್ರಾಂನಲ್ಲಿ ಹೆಚ್ಚುಕಡಿಮೆ 10,000 ಬೀಜ. ಅಂಥ ಧೂಳಿನ ಕಣ ಅರ್ಧ ಇಂಚು ಮಣ್ಣನ್ನು ಎತ್ತಿ ಮೇಲೆ ಬರುವುದುಂಟೇ? ಅದು ಮೊಳೆಯಲು ಬೆಳಕೂ ಬೇಕು. ಮೊದಲ ಸಲ ನಾನು ಪೊಟ್ಟಣ ಬಿಚ್ಚಿದ್ದು ಫ್ಯಾನಿನ ಕೆಳಗೆ. ಆ ವರ್ಷದ ಪೆಟೂನಿಯಾ ಸೋಫಾದ ಅಡಿಯಲ್ಲಿ ಮುಗಿಯಿತು.

ಈಗ ನಾನು ಮಾಡುವುದು ಇಷ್ಟು. ಮುಚ್ಚಳ ಪಾರದರ್ಶಕವಾಗಿರುವ ಪ್ಲಾಸ್ಟಿಕ್ ಮಿಠಾಯಿ ಡಬ್ಬ ತೆಗೆದುಕೊಂಡು, ಬಿಸಿ ಸೂಜಿಯಿಂದ ತಳಕ್ಕೆ ಹತ್ತು ಹನ್ನೆರಡು ತೂತು. ಒಳಗೆ ಎರಡು ಬೆರಳಿನಷ್ಟು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅದಕ್ಕೆ ಜರಡಿ ಹಿಡಿದ ಎರೆಹುಳು ಗೊಬ್ಬರ ಒಂದು ಹಿಡಿ. ಬಿತ್ತುವ ಮೊದಲೇ ಡಬ್ಬವನ್ನು ನೀರಿನ ತಟ್ಟೆಯಲ್ಲಿಟ್ಟು, ಮೇಲ್ಭಾಗ ಕಪ್ಪಾಗುವವರೆಗೆ ನೀರು ಹೀರಲು ಬಿಡುತ್ತೇನೆ. ಆಮೇಲೆ ಬೀಜಕ್ಕೆ ಒಂದು ಚಮಚ ಒಣ ಮರಳು ಬೆರೆಸಿ, ರಂಗೋಲಿ ಎಳೆಯುವ ಹಾಗೆ ಎರಡು ಬೆರಳ ಸಂದಿಯಿಂದ ಉದುರಿಸುವುದು. ಅಂಗೈಯಿಂದ ಮೆಲ್ಲಗೆ ಒತ್ತಿದರೆ ಮುಗಿಯಿತು, ಮೇಲೆ ಮಣ್ಣು ಬೇಡವೇ ಬೇಡ. ಮುಚ್ಚಳ ಹಾಕಿ ಬೆಳಕಿರುವ ಕಿಟಕಿಯ ಬಳಿ ಇಡಿ, ನೇರ ಬಿಸಿಲಿನಲ್ಲಿ ಬೇಡ. ಎಂಟು ಹತ್ತು ದಿನಕ್ಕೆ ಹಸಿರು ಚುಕ್ಕಿ ಕಾಣುತ್ತದೆ. ಕಂಡ ದಿನವೇ ಮುಚ್ಚಳ ತೆಗೆಯಿರಿ.

ಚೆಂಡು ಹೂವಿಗೆ ಬಂದಿದ್ದು ಬುಡ ಕೊಳೆ. ಮಣ್ಣಿನಲ್ಲಿರುವ ಶಿಲೀಂಧ್ರದ ಕೆಲಸ. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳೇ ಸೆಪ್ಟೆಂಬರ್, ಅದರ ಮೇಲೆ ನಿಮ್ಮದು ಎರಡು ಹೊತ್ತು ನೀರು, ಸಾಲದ್ದಕ್ಕೆ ಅರೆ ಕೊಳೆತ ಕಸ. ಸಸಿಗೆ ಗೊಬ್ಬರಕ್ಕಿಂತ ಗಾಳಿ ಮುಖ್ಯ. ಬೆರಳಿಟ್ಟು ನೋಡಿ, ಮೇಲ್ಮೈ ಒಣಗಿದ್ದರೆ ಮಾತ್ರ ನೀರು ಕೊಡಿ, ಅದೂ ಬೆಳಿಗ್ಗೆ.

ಹಾರ ಉದುರಿಸುವುದು ಕಾಲಹರಣ.

ಮಲ್ಲೇಶ್ವರದ ಮಾಳಿಗೆ

ಜಿನ್ನಿಯಾ ಹೊತ್ತುಕೊಂಡು ಹೋದದ್ದು ಇರುವೆ. ಇರುವೆ ತಡೆಯಲು ಎಳೆಯುವ ಅರಿಸಿನದ ಗೆರೆ ಮೊದಲ ಮಳೆಗೇ ತೊಳೆದುಹೋಗುತ್ತದೆ, ನಂಬಬೇಡಿ. ನಾನು ತಟ್ಟೆಯಲ್ಲಿ ನೀರು ತುಂಬಿ, ನಡುವೆ ಇಟ್ಟಿಗೆಯಿಟ್ಟು, ಅದರ ಮೇಲೆ ಕುಂಡ ಕೂರಿಸುತ್ತೇನೆ. ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿಬಿಡಿ, ಇಲ್ಲದಿದ್ದರೆ ಹೂವಿಗಿಂತ ಮೊದಲು ಸೊಳ್ಳೆ ಬರುತ್ತದೆ.

ಜಿನ್ನಿಯಾವನ್ನು ಸಸಿ ಮಾಡಿ ಕೀಳುವುದಕ್ಕಿಂತ ಕುಂಡದಲ್ಲೇ ನೇರವಾಗಿ ಬಿತ್ತುವುದು ಮೇಲು. ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿ. ಮೊದಲ ಸಲ ನನಗೆ ಕೈಯೇ ಬರಲಿಲ್ಲ, ಮಗಳು ಬಂದು ಚಿವುಟಿ ಹೋದಳು. ಒಂದೇ ಕಡ್ಡಿಯಾಗಿ ನಿಲ್ಲಬೇಕಿದ್ದ ಗಿಡ ಪೊದೆಯಾಯಿತು.

ಹೆಸರಘಟ್ಟದ ಕಡೆಯವನು

ನಿವೃತ್ತರ ಕೊನೆಯ ಸಾಲಿಗೆ ನನ್ನ ತಕರಾರಿದೆ. ಹಾರದ ಹೂವಿನಿಂದಲೂ ಸಸಿ ಬರುತ್ತದೆ. ಹೂವನ್ನು ಬಿಡಿಸಿ ನೋಡಿ: ಕಡ್ಡಿಯಂಥ ಬೀಜ ಕಪ್ಪಾಗಿ ಗಟ್ಟಿಯಾಗಿದ್ದರೆ ಬಿತ್ತಿ, ಬಿಳಿಚಿ ಮೆತ್ತಗಿದ್ದರೆ ಅದು ಜೊಳ್ಳು. ಮಾರುಕಟ್ಟೆಗೆ ಎಳೆಯದರಲ್ಲೇ ಕೊಯ್ಯುವುದರಿಂದ ಜೊಳ್ಳೇ ಹೆಚ್ಚು. ಹೈಬ್ರಿಡ್ ಆಗಿದ್ದರೆ ತಾಯಿಯಂಥದೇ ಹೂವು ಬರುವ ಭರವಸೆಯೂ ಇಲ್ಲ.

ಮುಂದಿನ ಸಲ ಆಸ್ಟರ್ ಹಾಕಿ. ಇಲ್ಲಿಯ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳಿವೆ. ಆದರೆ ಆಸ್ಟರ್ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ, ಪೊಟ್ಟಣದ ಮೇಲಿನ ದಿನಾಂಕ ನೋಡದೆ ಕೊಳ್ಳಬೇಡಿ.

ವಿಜಯನಗರದ ತಾರಸಿ

ಹದಿನೈದು ದಿನದ ನಂತರ ಬರೆಯುತ್ತಿದ್ದೇನೆ. ಮಿಠಾಯಿ ಡಬ್ಬದಲ್ಲಿ ಒಂಬತ್ತನೆಯ ದಿನ ಪೆಟೂನಿಯಾ ಕಂಡಿತು. ಕನ್ನಡಕ ಹಾಕಿಕೊಂಡು ನೋಡಿದರೆ ಗಸಗಸೆಗಿಂತ ಚಿಕ್ಕ ಎರಡೆರಡು ಎಲೆ. ಎಣಿಸಲು ಹೋಗಿ 40ರ ಹತ್ತಿರ ಲೆಕ್ಕ ತಪ್ಪಿತು. ಜಿನ್ನಿಯಾ ಇಟ್ಟಿಗೆಯ ಮೇಲೆ ಕ್ಷೇಮವಾಗಿದೆ.

ಇನ್ನು ಹಾರದ ವಿಷಯ. ಅತ್ತೆ ನನಗೆ ಹೇಳದೆಯೇ ಹಳೆಯ ಬಕೆಟ್ಟಿನಲ್ಲಿ ಉದುರಿಸಿದ್ದರಂತೆ, ಒಂಬತ್ತು ಸಸಿ ಬಂದಿವೆ. ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಬಕೆಟ್ಟನ್ನು ಮಾತ್ರ ಮೆಟ್ಟಿಲ ಬಾಯಿಗೇ ತಂದಿಟ್ಟಿದ್ದಾರೆ, ನಾನು ತಾರಸಿಗೆ ಹೋಗಬೇಕಾದರೆ ಅದನ್ನು ದಾಟಿಯೇ ಹೋಗಬೇಕು.