ಮೊದಲನೆಯದು ಸಿಜೇರಿಯನ್, ಉದ್ದ ಹೊಲಿಗೆ. ಎರಡನೆಯದು ನಾರ್ಮಲ್ ಆಗುತ್ತಾ?

ಹೊಳಲ್ಕೆರೆಯಿಂದ ಪ್ರಶ್ನೆ:
ನನಗೀಗ ಏಳನೇ ತಿಂಗಳು. ಮೊದಲ ಮಗು ಸಿಜೇರಿಯನ್. ಹೊಕ್ಕುಳ ಕೆಳಗಿನಿಂದ ಉದ್ದಕ್ಕೆ ಹೊಲಿಗೆ ಇದೆ. ನಮ್ಮ ಓರಗಿತ್ತಿಗೂ ಸಿಜೇರಿಯನ್ನೇ, ಆದರೆ ಅವರದು ಕೆಳಗೆ ಅಡ್ಡಕ್ಕೆ, ಕಾಣಿಸುವುದೇ ಇಲ್ಲ. ಉದ್ದ ಹೊಲಿಗೆಯವರಿಗೆ ನಾರ್ಮಲ್ ಆಗುವುದೇ ಇಲ್ಲ ಅಂತಾರೆ, ನಿಜವಾ? ಅತ್ತೆಯವರಂತೂ 'ಈಗಿನವರಿಗೆಲ್ಲ ಕೊಯ್ಯೋದೇ ಯಾಕೆ' ಅಂತ ದಿನಾ ಕೇಳುತ್ತಾರೆ. ಅನುಭವ ಇದ್ದವರು ಹೇಳಿ.

ದಾವಣಗೆರೆ, ಇಬ್ಬರು ಮಕ್ಕಳ ತಾಯಿ:
ತಂಗಿ, ಹೊಟ್ಟೆಯ ಮೇಲಿನ ಗುರುತು ನೋಡಿ ಹೆದರಬೇಡ. ಚರ್ಮದ ಮೇಲೆ ಕೊಯ್ದಿದ್ದು ಬೇರೆ, ಒಳಗೆ ಗರ್ಭಕೋಶ ಕೊಯ್ದಿದ್ದು ಬೇರೆ. ನನಗೂ ಉದ್ದ ಹೊಲಿಗೆಯೇ. ಎರಡನೇ ಸಲ ಬಸುರಿಯಾದಾಗ ಡಾಕ್ಟರ್ ಮೊದಲು ಕೇಳಿದ್ದು ಹಳೆಯ ಡಿಸ್ಚಾರ್ಜ್ ಕಾರ್ಡ್. ಅದರಲ್ಲಿ ಎಲ್‌ಎಸ್‌ಸಿಎಸ್ ಅಂತ ಬರೆದಿತ್ತು. ಅಂದರೆ ಗರ್ಭಕೋಶದ ಕೆಳಭಾಗ ಕೊಯ್ದು ಮಗು ತೆಗೆದಿದ್ದಾರೆ. ಅಲ್ಲಿ ಸಾಮಾನ್ಯವಾಗಿ ಅಡ್ಡಕ್ಕೇ ಕೊಯ್ಯುತ್ತಾರೆ. ಆ ಭಾಗ ತೆಳು, ರಕ್ತ ಕಡಿಮೆ ಹೋಗುತ್ತದೆ, ಚೆನ್ನಾಗಿ ಕೂಡಿಕೊಳ್ಳುತ್ತದೆ. ಮುಂದಿನ ಹೆರಿಗೆ ನೋವಿನಲ್ಲಿ ಆ ಹೊಲಿಗೆ ಬಿಡುವುದು ಸಾವಿರದಲ್ಲಿ ಸುಮಾರು 5ರಿಂದ 9 ಜನರಿಗೆ. ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಕೊಯ್ದಿದ್ದರೆ ಮಾತ್ರ ಅಪಾಯ ಜಾಸ್ತಿ, ನೂರಕ್ಕೆ 4ರಿಂದ 9. ಅಂಥವರಿಗೆ ನೋವು ಶುರುವಾಗುವ ಮೊದಲೇ ಆಪರೇಷನ್ ಮಾಡುತ್ತಾರೆ. ಮಗು ತೀರಾ ತಿಂಗಳು ತುಂಬದ್ದಾದರೆ, ಅಡ್ಡ ಮಲಗಿದ್ದರೆ, ಕೆಲವೊಮ್ಮೆ ಹಾಗೆ ಕೊಯ್ಯಬೇಕಾಗುತ್ತದೆ. ಹೊರಗೆ ಅಡ್ಡ ಗುರುತು ಇದ್ದು ಒಳಗೆ ಉದ್ದ ಇರುವುದೂ ಉಂಟು. ಹಾಗಾಗಿ ನಿನ್ನ ಓರಗಿತ್ತಿಯೂ ಕಾರ್ಡ್ ನೋಡಲೇಬೇಕು. ಕಾರ್ಡ್ ಕಳೆದಿದ್ದರೆ ಆಪರೇಷನ್ ಆದ ಆಸ್ಪತ್ರೆಗೆ ಈ ವಾರವೇ ಹೋಗಿ ಕೇಳು, ರೆಕಾರ್ಡ್ ಇರುತ್ತದೆ. ನನಗೆ ಎರಡನೆಯದು ನಾರ್ಮಲ್ ಆಯಿತು.

ಹರಿಹರ, ಹೆರಿಗೆ ವಾರ್ಡಿನ ನರ್ಸ್:
ಅತ್ತೆಯವರ ಪ್ರಶ್ನೆ ನ್ಯಾಯವಾದದ್ದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಂತೆ ಕರ್ನಾಟಕದಲ್ಲಿ ಶೇ. 31.5 ಹೆರಿಗೆ ಸಿಜೇರಿಯನ್. ಇಡೀ ದೇಶದ್ದು 21.5. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಇಷ್ಟು ಅಂತರಕ್ಕೆ ತಾಯಂದಿರ ತೊಂದರೆಯೊಂದೇ ಕಾರಣ ಅಂತ ನಾನು ಒಪ್ಪುವುದಿಲ್ಲ. ನಾರ್ಮಲ್‌ಗೆ ರಾತ್ರಿಯಿಡೀ ಕಾಯಬೇಕು. ಆಪರೇಷನ್ ಒಂದು ಗಂಟೆಯಲ್ಲಿ ಮುಗಿಯುತ್ತದೆ, ಬಿಲ್ಲೂ ಜಾಸ್ತಿ. ನಕ್ಷತ್ರ ನೋಡಿಸಿ ಇಂಥ ಗಳಿಗೆಯಲ್ಲೇ ಮಗು ಬೇಕು ಎನ್ನುವ ಮನೆಯವರೂ ಇದ್ದಾರೆ. ಮೊದಲು ಒಮ್ಮೆ ಕೊಯ್ದವರಿಗೆ ಮತ್ತೆ ಕೊಯ್ಯುವುದೇ ವಾಡಿಕೆಯಾಗಿದೆ, ಅದರಿಂದಲೂ ಲೆಕ್ಕ ಏರುತ್ತದೆ.

ಆದರೆ ಮಗುವಿನ ಎದೆಬಡಿತ ಇಳಿದಾಗ, ಮಾಸು ದಾರಿಗೆ ಅಡ್ಡ ಇದ್ದಾಗ, ಇದೇ ಆಪರೇಷನ್ ಎರಡು ಜೀವ ಉಳಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಹಿಂದೆ ಹೆರಿಗೆ ಮನೆಯಲ್ಲೇ ಆಗುತ್ತಿತ್ತು, ಸರಿ. ಬಾಣಂತಿಯರು ಸಾಯುತ್ತಿದ್ದುದೂ ಮನೆಯಲ್ಲೇ. ಕೊಯ್ಯಿಸಿಕೊಂಡವಳು ಕೈಲಾಗದವಳು ಎನ್ನುವ ಮಾತು ಮಾತ್ರ ಯಾರೂ ಆಡಬಾರದು.

ಚಳ್ಳಕೆರೆ:
ನನ್ನ ಹೊಲಿಗೆ ಉಬ್ಬಿ, ಕೆಂಪಗಾಗಿ, ವಿಪರೀತ ತುರಿಕೆ ಬರುತ್ತಿತ್ತು. ಚರ್ಮದ ಡಾಕ್ಟರ್ ಹೇಳಿದ್ದು: ಉಬ್ಬು ಗೆರೆಯೊಳಗೇ ಇದ್ದರೆ ಕಾಲ ಕಳೆದಂತೆ ಇಳಿಯುತ್ತದೆ. ಗೆರೆ ದಾಟಿ ಅಕ್ಕಪಕ್ಕ ಬೆಳೆದರೆ ಅದು ಕೀಲಾಯ್ಡ್, ತಾನಾಗಿ ಹೋಗುವುದಿಲ್ಲ, ಮನೆತನದಲ್ಲಿ ಬರುವುದೂ ಇದೆ. ಗಾಯ ಪೂರ್ತಿ ಮಾಗಿದ ಮೇಲೆ ಸಿಲಿಕೋನ್ ಜೆಲ್ ಹಚ್ಚಿದೆ, ನನಗೆ ಇಳಿಯಿತು. ಕೀಲಾಯ್ಡ್ ಆದವರಿಗೆ ಇಂಜೆಕ್ಷನ್ ಕೊಡುತ್ತಾರೆ. ಗೆರೆಯ ಸುತ್ತ ಮರಗಟ್ಟಿದಂತೆ ಇರುವುದು ಎಷ್ಟೋ ಜನರಿಗೆ ಇದ್ದದ್ದೇ. ಹಸಿ ಗಾಯಕ್ಕೆ ಅರಿಶಿನ, ಎಣ್ಣೆ ಏನೂ ಬೇಡ. ಕೀವು, ಜ್ವರ ಬಂದರೆ ಅವತ್ತೇ ತೋರಿಸಿ.

ಚಿತ್ರದುರ್ಗ:
ಸಿಜೇರಿಯನ್ ಆದ ಮೇಲೆ ನಾರ್ಮಲ್‌ಗೆ ಪ್ರಯತ್ನಿಸಿದವರಲ್ಲಿ ನೂರಕ್ಕೆ 60ರಿಂದ 80 ಜನರಿಗೆ ಆಗುತ್ತದೆ ಅಂತ ನಮ್ಮ ಡಾಕ್ಟರ್ ಹೇಳಿದ್ದರು. ನಾನು ಪ್ರಯತ್ನಿಸಿದೆ, ನಡುವೆ ಮಗುವಿನ ಎದೆಬಡಿತ ಕಡಿಮೆಯಾಗಿ ಮತ್ತೆ ಆಪರೇಷನ್ನೇ ಆಯಿತು. ಬೇಸರವಿಲ್ಲ. ಥಿಯೇಟರ್, ರಕ್ತ, ಅರಿವಳಿಕೆ ಡಾಕ್ಟರ್ ಮೂರೂ ರಾತ್ರಿಯೂ ಸಿಗುವ ಕಡೆ ಇದ್ದುದರಿಂದಲೇ ಮಗು ಉಳಿಯಿತು. ಹಾಗಿಲ್ಲದ ಕಡೆ ಪ್ರಯತ್ನಿಸಲೇಬೇಡಿ. ಹೊಳಲ್ಕೆರೆಯಲ್ಲಿ ನೋವು ಶುರುವಾಗಿ ಆಮೇಲೆ ಹೊರಡುವುದಕ್ಕಿಂತ, ಒಂಬತ್ತು ತುಂಬುವ ಮೊದಲೇ ದುರ್ಗದಲ್ಲೋ ದಾವಣಗೆರೆಯಲ್ಲೋ ನೆಂಟರ ಮನೆಗೆ ಬಂದುಬಿಡಿ. ಬರುವಾಗ ತಾಯಿ ಕಾರ್ಡ್ ಜೊತೆ ಆ ಹಳೇ ಡಿಸ್ಚಾರ್ಜ್ ಕಾರ್ಡೂ ಇರಲಿ.